ಕೆನ್ಯಾದ ಅತಿಥಿ

“ಇವರು ಕೆನ್ಯಾದವರು, ರೇಸ್ ತಂಡದ ಅತಿಥಿ,” ಎಂದು ಸುಮಿತಾ ಗೇಟಿನ ಕಾವಲುಗಾರನಿಗೆ ಹಿಂದಿಯಲ್ಲಿ ಹೇಳುತ್ತ ರೀಟಾಳ ಮೊಣಕೈ ಹಿಸುಕಿದಳು. ಸುಮ್ಮನಿರು ಎಂಬುದು ಅದರ ಅರ್ಥ. ಪಣಜಿಯ ರಸ್ತೆಗಳಲ್ಲಿ ನಡೆಯಲಿದ್ದ ಕಾರ್ ರೇಸ್ ನೋಡಲು ಗೆಳತಿಯರಿಬ್ಬರೂ ದಾಂಡೇಲಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಗ್ಯಾಲರಿಯ ಟಿಕೆಟುಗಳು ರೀಟಾಳ ಚೀಲದಲ್ಲಿದ್ದವು. ಆದರೆ ಸುಮಿತಾಳಿಗೆ ರೇಸ್ ಕಾರುಗಳು ನಿಂತಿರುವಲ್ಲಿಗೇ ಹೋಗಿ ಫೋಟೊ ತೆಗೆಸಿಕೊಳ್ಳಬೇಕಿತ್ತು.

ಕಾವಲುಗಾರ ರೀಟಾಳ ಮೈಬಣ್ಣ ನೋಡಿದ, ಗುಂಗುರು ಕೂದಲು ನೋಡಿದ. “ವೆಲ್‌ಕಮ್ ಮ್ಯಾಡಮ್,” ಎಂದು ಸೆಲ್ಯೂಟ್ ಹೊಡೆದು ಗೇಟು ತೆರೆದ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮದುವೆ ಮನೆಯಲ್ಲಿ “ನೀವು ಯಾವ ದೇಶದವರು?” ಎಂದು ಕೇಳಿದವರ ಮುಂದೆ ರೀಟಾ ನಕ್ಕು ಸುಮ್ಮನಾಗುತ್ತಿದ್ದಳು. ಅವಳ ಪರವಾಗಿ ಅವರೊಂದಿಗೆ ಜಗಳಕ್ಕೆ ನಿಲ್ಲುತ್ತಿದ್ದವಳು ಇದೇ ಸುಮಿತಾ.

ರೀಟಾ ಕೈ ಕೊಸರಿಕೊಂಡಳು. ತಾನು ಕೆನ್ಯಾದವಳಲ್ಲ, ತಲೆಮಾರುಗಳಿಂದ ಹಳಿಯಾಳದ ಕಾಡಂಚಿನಲ್ಲೇ ಇರುವ ಸಿದ್ದಿ ಜನಾಂಗದವಳು ಎಂದು ಕಾವಲುಗಾರನಿಗೆ ಅಚ್ಚ ಕೊಂಕಣಿಯಲ್ಲಿ ಹೇಳಿದಳು. ಅವನ ಮುಖ ಬಿಗಿಯಾಯಿತು. ಗೇಟು ಮುಚ್ಚಿತು.

“ಒಂದ್ ನಿಮಿಷ ಸುಮ್ಮನಿದ್ದಿದ್ರ ನಿನ್ನ ಗಂಟೇನ್ ಹೋಗ್ತಿತ್ತ?” ಸುಮಿತಾ ರೇಗಿದಳು.

“ಅಂವಗ ನಾ ಯಾರಂತ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತಲ್ಲ!” ರೀಟಾ ಸಿಟ್ಟಿನಿಂದ ಅವಳತ್ತ ತಿರುಗಿದಳು. ಚೀಲದಿಂದ ಟಿಕೆಟುಗಳನ್ನು ತೆಗೆದು ಒಂದನ್ನು ಸುಮಿತಾಳ ಅಂಗೈಗೆ ತುರುಕಿದಳು. “ರೇಸ್ ನೋಡು, ಫೋಟೊ ತಕ್ಕೋ, ಏನರ ಮಾಡು. ನನ್ನ ಮಗ್ಗಲಕ ಮಾತ್ರ ಕುಂಡರಬ್ಯಾಡ.”

ಆಚೆ ಮೊದಲ ಕಾರು ಗುಡುಗಿತು. ರೀಟಾ ತಿರುಗಿ ನೋಡದೆ ಗ್ಯಾಲರಿಯ ಮೆಟ್ಟಿಲು ಹತ್ತಿದಳು.