ಕಡೇ ನುಡಿ

"ಈ ಪದಾ ಕಟ್ಟಿದವರು ಯಾರು?" ಫೌಜದಾರರು ಮೂರನೆಯ ಸಲ ಕೇಳಿದರು.

ರೇಣುಕವ್ವ ಠಾಣೆಯ ಬಾಕಿನ ಮೇಲೆ ತನ್ನ ಮನೆಯ ಕಟ್ಟೆಯೇನೋ ಎಂಬಂತೆ ಕುಳಿತಿದ್ದಳು. ಸಾವಿರದ ಒಂಬೈನೂರ ಎಂಬತ್ತೆರಡರ ಆ ಬೇಸಿಗೆಯಲ್ಲಿ ಅವಳ 'ಕರೀಕಂಬಳಿ ಮೇಳ' ಪೊಲೀಸರಿಗೆ ತಲೆನೋವಾಗಿತ್ತು. ಅರಳೆ ಮಿಲ್ಲಿನ ಹಿಂದೆ, ಯಾರದೋ ಕಣದಲ್ಲಿ ಗೌಡರನ್ನು ಚುಚ್ಚುವ ಪದ ಹಾಡಿ ಮಾಯವಾಗುವ ಮೇಳ. ಹಾಡು ಕೇಳಿದವರು ಪೊಲೀಸರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಇವತ್ತು ಅವಳೂ ಗಿಟಾರಿನ ಬಾಬಾಸಾಬನೂ ಅಣ್ಣಿಗೇರಿ ಬಸ್ಸಿನಲ್ಲಿ ಸಿಕ್ಕಿಬಿದ್ದಿದ್ದರು. ಕಟ್ಟಿದವರ ಹೆಸರು ಸಿಕ್ಕರೆ ಜೈಲು, ಸಿಗದಿದ್ದರೆ ಮನೆ. ಕಟ್ಟಿದವಳು ಅವಳೇ.

"ಪದದ ವಹಿ ಎಲ್ಲೈತಿ?"

"ನನಗ ಅಕ್ಷರ ಬರೂದಿಲ್ರಿ ಸಾಹೇಬ್ರ. ಎಲ್ಲಾ ಬಾಯಾಗ ಐತಿ."

"ಹಂಗಾರ ಹಾಡು. ಮಡಿವಾಳೆಪ್ಪಾ, ಒಂದಕ್ಷರ ಬಿಡದಂಗ ಬರಕೊ."

ಹವಾಲ್ದಾರ ಮಡಿವಾಳೆಪ್ಪ ಪೆನ್ನು ತೆಗೆದು ಸಾಹೇಬರ ಕಿವಿಯ ಹತ್ತಿರ ಬಗ್ಗಿದ. "ಪೂರ್ತಿ ಹಾಡಸ್ರಿ ಸರ್. ಇಂಥಾ ಪದದ ಕಡೇ ನುಡ್ಯಾಗ ಕಟ್ಟಿದವರ ಊರು, ಹೆಸರು ಬಂದ ಬರತಾವ. ಹೆಸರು ಹೇಳಲಾರದ ಪದಾ ಮುಗಿಸೂದಿಲ್ಲ ಇವರು."

ಬಾಬಾಸಾಬನ ಮುಖ ಇಳಿಯಿತು. ರೇಣುಕವ್ವ ಮಾತ್ರ ನಕ್ಕಳು.

"ಪದದ ರೀತಿ ಬಲ್ಲವರದೀರಿ ಹವಾಲ್ದಾರ್ರ. ಯಾವೂರ್ರಿ ನಿಮ್ಮದು?"

"ಕುಂದಗೋಳ," ಎಂದ ಅವನು, ಸ್ವಲ್ಪ ಎದೆಯುಬ್ಬಿಸಿ.

ಗಿಟಾರು ಮಿಡಿಯಿತು. ರೇಣುಕವ್ವ ಬಾಕಿನ ಹಲಗೆಯನ್ನೇ ಹಲಗಿವಾದ್ಯ ಮಾಡಿಕೊಂಡು ಬಾರಿಸತೊಡಗಿದಳು.

*ಬಾವ್ಯಾಗ ನೀರೈತಿ, ಬಗ್ಗಾಕ ಬಿಡವೊಲ್ಲರು,*
*ಕುರ್ಚ್ಯಾಗ ಗೌಡ ಕುಂತು ನಾಡೆಲ್ಲ ನಂದಂತಾನು...*

ದಾರಿಹೋಕರು ಕಿಟಕಿಗೆ ಮುಖ ಹಚ್ಚಿ ನಿಂತರು. ಮೂರನೆಯ ನುಡಿಗೆ ಮಡಿವಾಳೆಪ್ಪನ ಬೂಟು ತಾಳ ಹಾಕುತ್ತಿತ್ತು. ಐದನೆಯದಕ್ಕೆ ಅವನ ತಲೆಯೂ ತೂಗತೊಡಗಿತು, ಪೆನ್ನು ತನ್ನಷ್ಟಕ್ಕೆ ತಾನೇ ಓಡುತ್ತಿತ್ತು. ಅಂಥ ಹಾಡು ಅದು, ಯಾರನ್ನೂ ಸುಮ್ಮನೆ ಕೂಡ್ರಿಸುತ್ತಿರಲಿಲ್ಲ.

ಕಡೇ ನುಡಿ ಹತ್ತಿರ ಬಂದಾಗ ಬಾಬಾಸಾಬ ಗಿಟಾರಿನ ಸದ್ದು ತಗ್ಗಿಸಿ ಅವಳತ್ತ ನೋಡಿದ. ಹೆಸರು ಹೇಳದೆ ಪದ ಮುಗಿಸುವುದು ರೇಣುಕವ್ವನಿಗೆ ಜನ್ಮದಲ್ಲಿ ಗೊತ್ತಿರಲಿಲ್ಲ. ಅವಳು ಇವತ್ತೂ ಹೆಸರು ಹೇಳಿಯೇ ಮುಗಿಸಿದಳು:

*ಸೀಮಿಗಿ ಹೆಸರಾದ ಊರು ಕುಂದಗೋಳ,*
*ಮಡಿವಾಳೆಪ್ಪ ಕಟ್ಟ್ಯಾನೊ ಈ ಪದಾ, ಕೇಳ.*

ಕಿಟಕಿಯ ಆಚೆ ಯಾರೋ ಕಿಸಕ್ಕನೆ ನಕ್ಕರು. ಮಡಿವಾಳೆಪ್ಪ ತಾಳದ ಗುಂಗಿನಲ್ಲೇ ಕೊನೆಯ ಸಾಲು ಬರೆದ, ಹೆಸರಿನ ಕೆಳಗೆ ಎರಡು ಗೆರೆ ಎಳೆದ.

"ಹೆಸರು ಸಿಕ್ತ್ರಿ ಸರ್," ಎಂದು ಹಾಳೆಯನ್ನು ಫೌಜದಾರರ ಕೈಗಿಟ್ಟ. ಅಡಿಯಲ್ಲಿ, ಠಾಣೆಯ ರೂಢಿಯಂತೆ, ಅವನ ಸಹಿಯೂ ಇತ್ತು.