ಹನ್ನೆರಡನೆಯ ಬಿಲ್ಲೆ

ಸುರಂಗದ ಬಾಯಿಗೆ ಕಟ್ಟಿದ್ದ ಕಾಂಕ್ರೀಟಿನ ಗೋಡೆಯನ್ನು ಶೋಧ ತಂಡ ಒಡೆದು ಬೀಳಿಸಿದ ಸದ್ದಿಗೆ ನೆರಿಡಾ ಪಾಸ್ಕೋಳ ಕೈಯಲ್ಲಿದ್ದ ಚಹಾ ತುಳುಕಿತು.

“ಬಿತ್ತು ಕಣೇ!” ಪಕ್ಕದಲ್ಲಿ ಕುಳಿತಿದ್ದ ಮೇವಿಸ್ ಕ್ವಿಲ್ ಅವಳ ತೋಳು ಹಿಡಿದಳು. “ನಲವತ್ತೈದು ವರ್ಷ! ಈಗಲಾದ್ರೂ ನಮ್ಮ ಗಂಡಂದಿರು ಹೊರಗೆ ಬರ್ತಾರೆ.”

ನೆರಿಡಾ ತೋಳು ಬಿಡಿಸಿಕೊಂಡು ಲೋಟ ಕೆಳಗಿಟ್ಟಳು.

ಬಂಡಾರಾ ಕಣಿವೆಯ ಕಲ್ಲಿದ್ದಲು ಗಣಿಯಲ್ಲಿ ಈಗ ಉಳಿದಿದ್ದು ಒಂದು ಇಟ್ಟಿಗೆಯ ಚಿಮಣಿ, ಗಣಿಗರಿಗೆ ದೀಪ ಕೊಡುತ್ತಿದ್ದ, ಛಾವಣಿ ಹಾರಿಹೋದ ದೀಪದ ಕೋಣೆ, ಗುಡ್ಡದ ಮಗ್ಗುಲಲ್ಲಿ ಮುಚ್ಚಿದ್ದ ಈ ಬಾಯಿ. ಒಳಗೆ ಹೋಗುವ ಪ್ರತಿಯೊಬ್ಬನೂ ದೀಪದ ಕೋಣೆಯ ಹಲಗೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕಿತ್ತು. ಹೊರಬಂದ ಮೇಲೆ ಮತ್ತೆ ಮೊಳೆಗೆ ತೂಗುಹಾಕಬೇಕಿತ್ತು. 1979ರಲ್ಲಿ ಒಂದು ಬೆಳಗ್ಗೆ ಒಳಗಿನ ಅನಿಲ ಸಿಡಿದಾಗ ಹನ್ನೆರಡು ಮೊಳೆಗಳು ಖಾಲಿಯಿದ್ದವು. ಬೆಂಕಿ ಆರಲೆಂದು ಬಾಯಿ ಮುಚ್ಚಿದರು. ಹನ್ನೆರಡು ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದರು. ಅರವತ್ತೊಂದನೇ ನಂಬರು ನೆರಿಡಾಳ ಗಂಡ ಕ್ಲೈವ್‌ನದು.

ಶವಗಳನ್ನು ತೆಗೆಸಿಕೊಡಿ ಎಂದು ವಿಧವೆಯರು ಸರ್ಕಾರದ ಬೆನ್ನು ಬಿದ್ದರು. ಅರ್ಜಿಗೆ ಸಹಿ ಹಾಕದವಳು ನೆರಿಡಾ ಒಬ್ಬಳೇ. ಪಾಪ, ಎಲುಬು ನೋಡುವ ಧೈರ್ಯವಿಲ್ಲ ಎಂದು ಊರು ಮರುಗಿತು. ಅವಳಿಗೆ ಮಕ್ಕಳಿರಲಿಲ್ಲ. ಇದ್ದೊಬ್ಬ ತಮ್ಮ ಆಲ್ಬಿ ಟಲ್ಕ್ ಕೂಡ ಹಿಂದೆ ಇದೇ ಗಣಿಯಲ್ಲಿ ದುಡಿದವನು. ಗಣಿ ಸಿಡಿದ ವಾರವೇ ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೋದನಂತೆ, ಅಕ್ಕನಿಗೆ ಒಂದು ಸಾಲೂ ಬರೆಯಲಿಲ್ಲ. ಅವನ ಹೆಸರೆತ್ತಿದರೆ ನೆರಿಡಾ “ಹೇಡಿ” ಎಂದು ಮುಖ ತಿರುವುತ್ತಿದ್ದಳು.

ಶೋಧ ತಂಡದ ಮುಖ್ಯಸ್ಥ ರಾಸ್ ಹ್ಯಾನ್ಲನ್ ದಿನವೂ ಸಂಜೆ ಮನೆಮನೆಗೆ ಬಂದು ಸುದ್ದಿ ಹೇಳುತ್ತಿದ್ದ. ಮೊದಲ ದಿನ ಐವರು ಸಿಕ್ಕರು. ಎರಡನೆಯ ದಿನಕ್ಕೆ ಎಂಟಾಯಿತು.

“ಹನ್ನೊಂದೇ ಸಿಕ್ಕಿದ್ರೆ?” ನೆರಿಡಾ ತಡೆಯಲಾರದೆ ಕೇಳಿದಳು.

“ಹೆದರಬೇಡಿ ಮಿಸೆಸ್ ಪಾಸ್ಕೋ. ನಿಮ್ಮವರು ಸಿಗೋ ತನಕ ನಾನು ಬಿಡೋದಿಲ್ಲ. ಸಿಗಲಿಲ್ಲ ಅಂದ್ರೆ ಯಾಕೆ ಸಿಗಲಿಲ್ಲ ಅಂತ ಕಂಡುಹಿಡೀದೇ ಬಿಡೋದಿಲ್ಲ.”

ಅವಳು ಬಾಗಿಲು ಹಾಕಿಕೊಂಡು ಹಿತ್ತಿಲ ಕಿಟಕಿಯ ಪರದೆ ಎಳೆದಳು.

ಮೂರನೆಯ ದಿನ ಹತ್ತು. ಉಳಿದಿದ್ದು ಮೇವಿಸ್‌ಳ ಗಂಡ ಲೆಸ್ ಮತ್ತು ಕ್ಲೈವ್. ನೆರಿಡಾ ಎರಡು ಜೊತೆ ಬಟ್ಟೆ, ರಕ್ತದೊತ್ತಡದ ಮಾತ್ರೆ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಳು. ಮರುದಿನ ಮಧ್ಯಾಹ್ನ ಹ್ಯಾನ್ಲನ್‌ನ ಗಾಡಿ ಮನೆ ಮುಂದೆ ನಿಂತಾಗ ಚೀಲವನ್ನು ಬದಿಗೆ ಸರಿಸಿದಳು. ಬಾಗಿಲು ತೆಗೆದಳು. ಅವನ ಹಿಂದೆ ಮೇವಿಸ್ ಅಳುತ್ತ ನಿಂತಿದ್ದಳು.

“ಹನ್ನೆರಡೂ ಜನ ಸಿಕ್ಕಿದ್ರು,” ಎಂದ ಹ್ಯಾನ್ಲನ್.

“ಹನ್ನೆರಡು?”

“ಅರವತ್ತೊಂದರ ಬಿಲ್ಲೆ ಸೊಂಟದಲ್ಲೇ ಇತ್ತು.”

ಮೇವಿಸ್ ನುಗ್ಗಿ ಬಂದು ಅವಳನ್ನು ತಬ್ಬಿಕೊಂಡಳು.

“ನನ್ನ ಲೆಸ್‌ಗೆ ಕಾಲು ಮುರಿದಿತ್ತಂತೆ ಕಣೇ. ನಿನ್ನ ಕ್ಲೈವ್ ಅವನನ್ನ ಬೆಲ್ಟಿನಲ್ಲಿ ಬೆನ್ನಿಗೆ ಕಟ್ಕೊಂಡು ತೆವಳ್ತಾ ಬಂದಿದಾನೆ. ಸುರಂಗದ ಬಾಯಿಗೆ ಇನ್ನು ನಲವತ್ತೇ ಗಜ ಇತ್ತಂತೆ, ಬದಿಗೆ ಕುಸಿದ ಕಲ್ಲುಮಣ್ಣಿನ ಅಡಿ ಇದ್ದದ್ದಕ್ಕೇ ಕೊನೆಗೆ ಸಿಕ್ಕಿದ್ದು! ಬಿಟ್ಟು ಓಡಿದ್ರೆ ತಾನು ಉಳೀತಿದ್ದ. ನಿನ್ನ ಮೈಮೇಲಿನ ಬಾಸುಂಡೆ ನೋಡಿ ಅವನಿಗೆ ನಾನು ಎಷ್ಟು ಶಾಪ ಹಾಕಿದ್ದೆ! ಒಂದು ಲೋಟ ನೀರೂ ಯಾರಿಗೂ ಕೊಟ್ಟವನಲ್ಲ ಅಂದಿದ್ದೆ. ಕ್ಷಮಿಸಿಬಿಡೇ. ಅವನದೊಂದು ಪ್ರತಿಮೆ ನಿಲ್ಲಿಸ್ತೀವಿ.”

ನೆರಿಡಾಳ ಬಾಯಿಂದ ಹೊರಟ ಸ್ವರ ಮನುಷ್ಯರದಂತಿರಲಿಲ್ಲ. ಮೇವಿಸ್ ಬೆಚ್ಚಿ ಹಿಂದೆ ಸರಿದಳು. ನೆಲಕ್ಕೆ ಕುಸಿದ ನೆರಿಡಾ ಗೋಡೆ ಹಿಡಿದು ಎದ್ದಳು.

“ಹೆಸರು ಸರಿಯಾಗಿ ಬರೆಸು ಮೇವಿಸ್. ಆಲ್ಬಿ ಟಲ್ಕ್ ಅಂತ.”

“ನಿನ್ನ ತಮ್ಮನಾ?”

“ಹೂಂ, ಅವನೇ. ‘ಅಳಬೇಡ ಅಕ್ಕಾ, ಕ್ಲೈವ್‌ನ ಬಿಲ್ಲೆ ಎತ್ಕೊಂಡು ನಾನು ರೈಲು ಹತ್ತಿಬಿಡ್ತೀನಿ, ಅವನು ಕೆಲಸಕ್ಕೆ ಹೋದ ಅಂತ ಎಲ್ಲರೂ ನಂಬ್ತಾರೆ’ ಅಂದಿದ್ದ. ಬಿಲ್ಲೆ ತೆಗೆದದ್ದನ್ನ ಗೇಟಿನವನು ನೋಡಿಬಿಟ್ಟನೇನೋ, ಒಳಗೆ ಹೋಗಲೇಬೇಕಾಯಿತೇನೋ. ಪಾಪದವನು, ರೈಲು ಹತ್ತಲೇ ಇಲ್ಲ.”

ಹ್ಯಾನ್ಲನ್ ನಿಧಾನವಾಗಿ ಟೋಪಿ ತೆಗೆದ. “ಹಾಗಾದ್ರೆ ನಿಮ್ಮ ಗಂಡ ಎಲ್ಲಿ?”

“ಹಿತ್ತಿಲಲ್ಲಿ, ಮಳೆನೀರಿನ ಟ್ಯಾಂಕಿನ ಕೆಳಗೆ,” ಎಂದಳು ನೆರಿಡಾ. “ಗಣಿ ಸಿಡಿಯೋದರ ಹಿಂದಿನ ದಿನವೇ ಅವನನ್ನ ನಾನು ಕೊಂದಿದ್ದೆ.”