ಬಾಗಿಲಲ್ಲಿ ನಿಂತವಳು

“ಸಿಕ್ತು ಮಗಾ! ಇದೇ ಕಾಟ ಕೊಡ್ತಿರೋದು, ತೆಗೆದು ಬಿಸಾಕು,” ಎಂದ ಅಮರೇಶ. ಕತ್ತಿ ಹಿಡಿದು ಊರೂರು ಅಲೆಯುವ ಆ ಕಂಪ್ಯೂಟರ್ ಆಟ ಹೆಜ್ಜೆಹೆಜ್ಜೆಗೂ ತಡವರಿಸುತ್ತಿತ್ತು. ಮೇಲಿಂದ ಸೇರಿಸಿಕೊಂಡಿದ್ದ, ಆಟಗಾರರೇ ಬರೆದ ಎಂಬತ್ತೇಳು ಮಾಡ್‌ಗಳನ್ನು ಗೆಳೆಯರಿಬ್ಬರೂ ಭಾನುವಾರವಿಡೀ ಒಂದೊಂದಾಗಿ ತೆಗೆದು ನೋಡಿದ್ದರು. ಕೊನೆಗೆ ಉಳಿದದ್ದು ‘ಚೈತ್ರ’ ಎಂಬ ಫೈಲು.

ಲೋಹಿತನ ಕೈ ಮೌಸಿನ ಮೇಲೇ ನಿಂತಿತು. ಅದು ಹೋದ ವರ್ಷ ತೀರಿಕೊಂಡ ತಂಗಿ ಚೈತ್ರ ತಾನೇ ಕಲಿತು ಮಾಡಿದ್ದು. “ಆಟದೊಳಗೆ ನಿಂಗೊಂದು ಮನೆ ಕಟ್ಟಿದೀನಿ, ಒಂದ್ಸಲ ಬಂದು ನೋಡಣ್ಣ,” ಎಂದು ಗೋಗರೆದಿದ್ದಳು. “ಆಮೇಲೆ ನೋಡ್ತೀನಿ, ಹೋಗೇ,” ಎಂದಿದ್ದ.

ಅಮರೇಶ ಫೈಲು ತೆರೆದು ಓದಿದ. ಅವನ ದನಿ ತಗ್ಗಿತು. “ಮನೆ ಬಾಗಿಲಲ್ಲಿ ಒಬ್ಳು ಹುಡುಗೀನ ನಿಲ್ಸಿದಾಳೆ ಕಣೋ. ನೀನು ಬಂದ್ಯಾ ಅಂತ ಕ್ಷಣಕ್ಷಣಕ್ಕೂ ನೋಡ್ತಾನೇ ಇರ್ತಾಳೆ. ನೀನು ಅಲ್ಲಿಗೆ ಹೋಗೋವರ್ಗೂ ನೋಡೋದು ನಿಲ್ಸಲ್ಲ. ಹೀಗೆ ಬರೆದ್ರೆ ಆಟ ನಿಧಾನ ಆಗತ್ತೆ ಅಂತ ಪಾಪ, ಗೊತ್ತಿರ್ಲಿಲ್ಲ ಅವಳಿಗೆ.”

ಲೋಹಿತ ಅದನ್ನು ತೆಗೆಯಲಿಲ್ಲ. ತಡವರಿಸುವ ಆಟದಲ್ಲೇ ಆ ಮನೆಯವರೆಗೂ ನಡೆದ. ಬಾಗಿಲಲ್ಲಿದ್ದ ಹುಡುಗಿ ತಲೆಯೆತ್ತಿದಳು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ತಂಗಿಯ ಕನ್ನಡ ಮೂಡಿತು: “ಈಗ ಬಂದ್ಯಾ ಅಣ್ಣ?”

ಆಮೇಲೆ ಆಟ ಒಮ್ಮೆಯೂ ತಡವರಿಸಲಿಲ್ಲ.